ದೂಳು ತೆಗೆಯುವುದೂ ಒಂದು ವಿದ್ಯೆ

ಟಿಪ್ಪು ಸುಲ್ತಾನನ ಡೇರೆ ಈಗಿರುವುದು ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ, ವೆಲ್ಷ್‌ಪೂಲ್ ಎಂಬ ಸಣ್ಣ ಊರಿನ ಪಕ್ಕದ ಪೋವಿಸ್ ಕೋಟೆಯಲ್ಲಿ. ಹೂಬಳ್ಳಿಯ ಚಿತ್ತಾರವಿರುವ, 18ನೇ ಶತಮಾನದ ಹತ್ತಿ ಬಟ್ಟೆಯ ಡೇರೆ. ಟಿಪ್ಪುವಿನ ಸಿಂಹಾಸನದ ಸುತ್ತ ಇದ್ದ ಚಿನ್ನದ ಹುಲಿತಲೆಗಳಲ್ಲಿ ಒಂದೂ ಅಲ್ಲೇ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್ ಆಗಿದ್ದವನು ಎಡ್ವರ್ಡ್ ಕ್ಲೈವ್. ಪ್ಲಾಸಿ ಕದನದ ರಾಬರ್ಟ್ ಕ್ಲೈವನ ಮಗ. ಹೆಂಡತಿ ಹೆನ್ರಿಯೆಟಾ ಪೋವಿಸ್ ಮನೆತನದ ಮಗಳು. ಮರುವರ್ಷ ಅವಳು ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮದರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣಗಳನ್ನೆಲ್ಲ ಸುತ್ತಿದಳು. ಮೈಸೂರು ಸೀಮೆಯ ಸರಕು ಹೀಗೆ ವೇಲ್ಸ್ ಗುಡ್ಡದ ಮೇಲಿನ ಮನೆಗೆ ಸೇರಿತು. ಡೇರೆಯನ್ನು ಆ ಕುಟುಂಬ ತೋಟದ ಔತಣಕೂಟಗಳಿಗೆ ಶಾಮಿಯಾನದಂತೆ ಬಳಸಿತು ಎಂಬುದನ್ನೂ ಹೇಳಿಬಿಡಬೇಕು.

ಇದೆಲ್ಲ ವಾಪಸು ಬರಬೇಕೇ ಬೇಡವೇ ಎಂಬುದು ದೊಡ್ಡ ಜಗಳ. ಕೊಳ್ಳೆಯನ್ನು ಕೊಳ್ಳೆ ಎಂದೇ ಕರೆಯಬೇಕು ಅನ್ನುವ ಪಕ್ಷ ನನ್ನದು. ಕೋಟೆಯನ್ನು 1952ರಿಂದ ನೋಡಿಕೊಳ್ಳುತ್ತಿರುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಕೂಡ 2020ರಲ್ಲಿ, ವಸಾಹತು ಆಳ್ವಿಕೆ ಮತ್ತು ಗುಲಾಮಗಿರಿಯ ನಂಟಿರುವ ತನ್ನ 93 ಸ್ಥಳಗಳ ವರದಿಯನ್ನು ತಾನಾಗಿಯೇ ಹೊರತಂದು, ಅದರಲ್ಲಿ ಪೋವಿಸ್ಸನ್ನೂ ಸೇರಿಸಿತು. ಆದರೆ ಇವತ್ತು ನನ್ನ ತಲೆಯಲ್ಲಿರುವುದು ಅದಕ್ಕಿಂತ ಸಪ್ಪೆಯಾದ ಒಂದು ಪ್ರಶ್ನೆ. ಇಂಥ ಮನೆಗಳಲ್ಲಿ ಇನ್ನೂರು, ಮುನ್ನೂರು ವರ್ಷದ ಬಟ್ಟೆ, ಪುಸ್ತಕ, ಕುರ್ಚಿ, ಪಿಂಗಾಣಿಯ ಮೇಲೆ ದಿನಾ ದೂಳು ಕೂರುತ್ತದಲ್ಲ, ಅದನ್ನು ತೆಗೆಯುವವರು ಯಾರು?

ಬಹಳ ಕಡೆ ಅವರು ಊರಿನ ಸಾಮಾನ್ಯ ಜನ. ನಿವೃತ್ತ ಶಿಕ್ಷಕರು, ನರ್ಸುಗಳು, ಮಕ್ಕಳು ದೊಡ್ಡವರಾದ ಮೇಲೆ ಕೈ ಬಿಡುವಾದ ತಾಯಂದಿರು, ಮ್ಯೂಸಿಯಂ ಕೆಲಸ ಕಲಿಯಬೇಕೆಂದಿರುವ ಕಾಲೇಜು ಹುಡುಗರು. 1895ರಲ್ಲಿ ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್, ಹಾರ್ಡ್‌ವಿಕ್ ರಾನ್ಸ್‌ಲಿ ಎಂಬ ಮೂವರು ಕಟ್ಟಿದ ನ್ಯಾಷನಲ್ ಟ್ರಸ್ಟ್‌ಗೆ ಇವತ್ತು ಹತ್ತಾರು ಸಾವಿರ ಸ್ವಯಂಸೇವಕರಿದ್ದಾರೆ. ಹೆಚ್ಚಿನವರು ಕೋಣೆಯಲ್ಲಿ ನಿಂತು ಬಂದವರಿಗೆ ವಿವರಣೆ ಕೊಡುವವರು, ತೋಟದಲ್ಲಿ ಕಳೆ ಕೀಳುವವರು. ಒಂದು ಸಣ್ಣ ಗುಂಪು ಮಾತ್ರ ಬಾಗಿಲು ತೆರೆಯುವ ಮೊದಲೇ ಬಂದು, ಕೈಯಲ್ಲಿ ಬ್ರಷ್ ಹಿಡಿದು, ಸಿಬ್ಬಂದಿಯ ಜೊತೆ ಸಾಮಾನುಗಳ ಆರೈಕೆ ಮಾಡುತ್ತದೆ. ಹರಿದದ್ದನ್ನು ಹೊಲಿಯುವುದು, ಬಣ್ಣ ಎದ್ದದ್ದನ್ನು ಕೂರಿಸುವುದು ಇವರ ಕೆಲಸವಲ್ಲ. ಅದಕ್ಕೆ ತರಬೇತಾದ ಸಂರಕ್ಷಣಾ ತಜ್ಞರಿದ್ದಾರೆ. ಬಟ್ಟೆಗಳಿಗೆಂದೇ ನಾರ್ಫೋಕ್‌ನ ಬ್ಲಿಕ್ಲಿಂಗ್‌ನಲ್ಲಿ ಟ್ರಸ್ಟಿನ ಪ್ರತ್ಯೇಕ ಸ್ಟುಡಿಯೋ ಇದೆ. ತಜ್ಞರ ಹತ್ತಿರ ಹೋಗುವ ಪ್ರಮೇಯ ಆದಷ್ಟು ತಡವಾಗಿ ಬರಲಿ ಎಂದು ನೋಡಿಕೊಳ್ಳುವುದು ಈ ಬ್ರಷ್ಷಿನವರ ಪಾಲಿನ ಕೆಲಸ.

ಸ್ವಯಂಸೇವೆ ಎಂದರೆ ನಮ್ಮ ಕಣ್ಣಮುಂದೆ ಬರುವುದು ಶ್ರಮದಾನ. ಭಾನುವಾರ ಬೆಳಿಗ್ಗೆ, ಬ್ಯಾನರು, ಪೊರಕೆ, ಉಪ್ಪಿಟ್ಟು, ಗ್ರೂಪ್ ಫೋಟೊ. ಕೆರೆ ಹೂಳೆತ್ತಲು, ಕಲ್ಯಾಣಿಯ ಪಾಚಿ ತೆಗೆಯಲು ಅದಕ್ಕಿಂತ ಒಳ್ಳೆಯದು ಇಲ್ಲ. ಅದೇ ಉತ್ಸಾಹ ಒಬ್ಬ ಲೇಖಕನ ಓದುವ ಕೋಣೆಗೆ ನುಗ್ಗಿದರೆ ನೂರು ವರ್ಷ ಮಾಡದ ಹಾಳನ್ನು ಒಂದು ಬೆಳಿಗ್ಗೆ ಮಾಡಬಲ್ಲದು. ಒದ್ದೆ ಬಟ್ಟೆ ಬರುತ್ತದೆ, ಹಿತ್ತಾಳೆಗೆ ಹುಣಸೆಹಣ್ಣು ಬರುತ್ತದೆ, ಮರಕ್ಕೆ ವಾರ್ನಿಷ್ ಬರುತ್ತದೆ. ಸಂಜೆ ಹೊತ್ತಿಗೆ ಎಲ್ಲ ಫಳಫಳ ಹೊಳೆಯುತ್ತದೆ, ಆ ಮನುಷ್ಯ ಮುಟ್ಟಿದ ಗುರುತು ಮಾತ್ರ ಹೋಗಿರುತ್ತದೆ. ಮನೆ-ಮ್ಯೂಸಿಯಂನ ಸೇವೆ ಶ್ರಮದಾನದ ತದ್ವಿರುದ್ಧ ಸ್ವಭಾವದ್ದು: ಕಡಿಮೆ ಮಾಡು, ಒಣಗಿದ್ದರಲ್ಲೇ ಮಾಡು, ನಿಧಾನಕ್ಕೆ ಮಾಡು, ಆದರೆ ತಪ್ಪದೆ ಮಾಡು, ಮಾಡಿದ್ದನ್ನು ಬರೆದಿಡು. ಈ ಗುಣ ಅಭಿಮಾನದಿಂದ ಬರುವುದಿಲ್ಲ. ಕಲಿಸಬೇಕಾಗುತ್ತದೆ.

ಮನೆ-ಮ್ಯೂಸಿಯಂ ಎಂದರೆ ಮಾಮೂಲಿ ಮ್ಯೂಸಿಯಂ ಅಲ್ಲ. ಅಲ್ಲಿ ವಸ್ತು ಗಾಜಿನ ಪೆಟ್ಟಿಗೆಯೊಳಗೆ, ಇಲ್ಲಿ ಅದು ಇದ್ದಲ್ಲೇ. ಕುರ್ಚಿ ಕಿಟಕಿಯ ಪಕ್ಕ, ಪುಸ್ತಕ ಕಪಾಟಿನಲ್ಲಿ, ಚಪ್ಪಲಿ ಮಂಚದ ಕೆಳಗೆ. ನೋಡಲು ಬಂದವರಿಗೂ ವಸ್ತುವಿಗೂ ನಡುವೆ ಒಂದು ಹಗ್ಗ, ಅಷ್ಟೇ. ಮನೆಯ ಸಾಮಾನು ಮನೆಯ ಹಾಗೆ ಕಾಣಬೇಕು ಎನ್ನುವುದೇ ಇಂಥ ಮನೆಯ ಜೀವ, ಅದೇ ಅದರ ಕಷ್ಟವೂ ಹೌದು.

ಈ ವಿದ್ಯೆಯ ಮೂಲ ಪ್ರಯೋಗಾಲಯವಲ್ಲ, ಮನೆಗೆಲಸದ ಹೆಂಗಸರು. ದೊಡ್ಡ ಬಂಗಲೆಗಳ ಮನೆವಾರ್ತೆ ನೋಡುತ್ತಿದ್ದವರಿಗೆ ಯಾವ ಪರದೆ ಎಷ್ಟು ಹೊತ್ತಿಗೆ ಎಳೆಯಬೇಕು, ಯಾವ ಕುರ್ಚಿಗೆ ಯಾವ ಮುಸುಕು ಎಂಬುದು ಬಾಯಿಪಾಠ. ಕೆಂಟ್ ಸೀಮೆಯ ಸುಸಾನಾ ವಾಟ್‌ಮನ್ ಎಂಬ ಗೃಹಿಣಿ 1776ರಿಂದ ತನ್ನ ಕೆಲಸದವರಿಗಾಗಿ ಬರೆದಿಟ್ಟ ಸೂಚನೆಗಳಲ್ಲಿ ಯಾವ ಕೋಣೆಗೆ ಬಿಸಿಲು ಯಾವಾಗ ಬರುತ್ತದೆ, ಆಗ ಯಾವ ಕಿಟಕಿ ಮುಚ್ಚಬೇಕು ಎಂಬ ವಿವರವೂ ಇದೆ. ಎರಡು ಮಹಾಯುದ್ಧಗಳ ನಂತರ ಆ ಕೆಲಸದವರ ದಂಡು ಕರಗಿತು, ಮನೆಗಳು ಒಂದೊಂದಾಗಿ ಟ್ರಸ್ಟಿನ ಪಾಲಾದವು. ಕೊನೆಯ ತಲೆಮಾರಿನವರ ಕೈತಿಳಿವಳಿಕೆಗೆ ವಿಜ್ಞಾನದ ಅಳತೆ ಸೇರಿಸಿ 1984ರಲ್ಲಿ ಟ್ರಸ್ಟ್ ಒಂದು ಕೈಪಿಡಿ ತಂದಿತು; 2006ರಲ್ಲಿ ಅದರ ಹೊಸ ಆವೃತ್ತಿ ಇಟ್ಟಿಗೆಯಷ್ಟು ದಪ್ಪವಾಗಿ ಬಂತು. ಸಂಬಳಕ್ಕೆ ಗುಡಿಸುತ್ತಿದ್ದವರ ವಿದ್ಯೆಯನ್ನು ಈಗ ನಿವೃತ್ತ ಮೇಷ್ಟರು ಪುಕ್ಕಟೆಯಾಗಿ ಕಲಿಯುತ್ತಾರೆ.

ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ. ಕೆತ್ತನೆಯ ಮೇಲೆ ಚಿನ್ನದ ರೇಕು ಅಂಟಿಸಿದ ಒಂದು ಕುರ್ಚಿ ಇದೆ ಅಂದುಕೊಳ್ಳಿ. ಬಂದವರು ಮೊದಲು ಉಂಗುರ, ಬಳೆ, ಗಡಿಯಾರ, ಕೊರಳಿನ ಐಡಿ ಕಾರ್ಡು ತೆಗೆದಿಡುತ್ತಾರೆ. ಜೇಬಿನಲ್ಲಿ ಪೆನ್ನು ಇರಬಾರದು, ಪೆನ್ಸಿಲ್ ಮಾತ್ರ. ಆಮೇಲೆ ಸುಮ್ಮನೆ ನೋಡುವುದು. ಟಾರ್ಚನ್ನು ಓರೆಯಾಗಿ ಹಿಡಿದರೆ ಎಲ್ಲಿ ರೇಕು ಎದ್ದಿದೆ, ಎಲ್ಲಿ ಬಿರುಕಿದೆ, ಎಲ್ಲಿ ಹುಳು ಕೊರೆದ ಹೊಸ ಪುಡಿ ಬಿದ್ದಿದೆ ಎಂಬುದು ಕಾಣುತ್ತದೆ. ಎದ್ದಿದ್ದರೆ ಕೆಲಸ ಅಲ್ಲಿಗೇ ನಿಂತಿತು. ದೂಳು ಇದ್ದರೂ ಇರಲಿ, ತಜ್ಞರಿಗೆ ಚೀಟಿ ಬರೆದು ಮುಂದಿನ ಕುರ್ಚಿಗೆ ಹೋಗುವುದು. ಗಟ್ಟಿಯಾಗಿದ್ದರೆ ಕುದುರೆಮರಿ ಕೂದಲಿನ ಮೆತ್ತನೆಯ ಬ್ರಷ್ಷು ಬರುತ್ತದೆ. ಬ್ರಷ್ಷಿನ ಕತ್ತಿನಲ್ಲಿರುವ ತಗಡಿನ ಪಟ್ಟಿ ಗೀರದಿರಲಿ ಎಂದು ಅದಕ್ಕೆ ಟೇಪು ಸುತ್ತಿರುತ್ತಾರೆ. ಎಡಗೈಯಲ್ಲಿ ಸಣ್ಣ ವ್ಯಾಕ್ಯೂಮ್ ಕ್ಲೀನರಿನ ಕೊಳವೆ. ಅದರ ಬಾಯಿಗೆ ರಬ್ಬರ್ ಬ್ಯಾಂಡು ಹಾಕಿ ಸೊಳ್ಳೆಪರದೆಯಂಥ ತೆಳು ಬಲೆ. ಕೊಳವೆ ಕುರ್ಚಿಗೆ ತಾಗಬಾರದು. ಬ್ರಷ್ಷು ದೂಳನ್ನು ಗಾಳಿಗೆ ಎಬ್ಬಿಸುತ್ತದೆ, ಕೊಳವೆ ಅದನ್ನು ಅಲ್ಲೇ ಹೀರಿಕೊಳ್ಳುತ್ತದೆ. ಚಿನ್ನದ ಒಂದು ಚೂರು ಕಳಚಿಕೊಂಡರೂ ಬಲೆಯಲ್ಲಿ ಸಿಕ್ಕಿಬೀಳುತ್ತದೆ, ಹೆಕ್ಕಿ ಪೊಟ್ಟಣ ಕಟ್ಟಿಡಬಹುದು. ಲೋಹಕ್ಕೆ ಬಳಸಿದ ಬ್ರಷ್ಷು ಮರಕ್ಕಿಲ್ಲ, ಮರದ್ದು ಪಿಂಗಾಣಿಗಿಲ್ಲ. ಹಿಡಿಕೆಯ ಮೇಲೆ ಹೆಸರು ಬರೆದಿರುತ್ತದೆ.

ಒಂದು ಕುರ್ಚಿಗೆ ಇಷ್ಟು ಹೊತ್ತು ಬೇಕಾದರೆ ಒಂದು ಗ್ರಂಥಾಲಯಕ್ಕೆ? ಸಾವಿರಾರು ಪುಸ್ತಕವಿರುವ ಮನೆಗಳಲ್ಲಿ ಈ ತುದಿಯಿಂದ ಶುರುಮಾಡಿ ಆ ತುದಿ ಮುಟ್ಟುವುದು ವರ್ಷಗಳ ಮಾತು. ಸ್ವಯಂಸೇವಕರು ಅನಿವಾರ್ಯವಾಗುವುದು ಇಲ್ಲೇ. ಪುಸ್ತಕ ಹೊರತೆಗೆಯುವ ರೀತಿಯನ್ನೇ ಮೊದಲು ಕಲಿಸುತ್ತಾರೆ. ನಾವೆಲ್ಲ ಮಾಡುವಂತೆ ಬೆನ್ನಿನ ತುದಿಗೆ ಬೆರಳು ಸಿಕ್ಕಿಸಿ ಎಳೆಯುವಂತಿಲ್ಲ, ಹಳೆಯ ಚರ್ಮದ ರಟ್ಟು ಹರಿಯುವುದೇ ಅಲ್ಲಿ. ಅಕ್ಕಪಕ್ಕದ ಎರಡು ಪುಸ್ತಕಗಳನ್ನು ಒಳಕ್ಕೆ ಸ್ವಲ್ಪ ತಳ್ಳಿ, ನಡುವಿನದರ ಸೊಂಟ ಹಿಡಿದು ತೆಗೆಯಬೇಕು. ಪುಟ ಬಿಚ್ಚದೆ, ಬಿಗಿಯಾಗಿ ಹಿಡಿದು, ತಲೆಭಾಗದ ದೂಳನ್ನು ಬೆನ್ನಿನಿಂದ ಅಂಚಿನ ಕಡೆಗೆ ಹೊಡೆಯಬೇಕು. ಈ ಕೆಲಸಕ್ಕೆ ಬಿಳಿ ಕೈಗವಸು ಬೇಡವೇ ಎಂದು ಸಿನಿಮಾ ನೋಡಿದವರು ಕೇಳುತ್ತಾರೆ. ಬೇಡ. ಗವಸು ಹಾಕಿದ ಬೆರಳಿಗೆ ಹಾಳೆಯ ಅಂಚು ತಿಳಿಯುವುದಿಲ್ಲ, ಹರಿದೀತು. ಸೋಪಿನಲ್ಲಿ ತೊಳೆದು ಚೆನ್ನಾಗಿ ಒರೆಸಿಕೊಂಡ ಬರಿಗೈ ಸಾಕು. ಗವಸು ಬೇಕಾಗುವುದು ಬೆಳ್ಳಿ, ಹಿತ್ತಾಳೆ, ಕಬ್ಬಿಣಕ್ಕೆ, ಬೆವರಿನ ಉಪ್ಪು ಲೋಹವನ್ನು ತಿನ್ನುತ್ತದೆ. ಅಲ್ಲೂ ಬಟ್ಟೆಯದಕ್ಕಿಂತ ಆಸ್ಪತ್ರೆಯವರು ಹಾಕುವ ನೀಲಿ ನೈಟ್ರೈಲ್ ಗವಸು ವಾಸಿ.

ಇನ್ನು ದೂಳು. ಅದರಲ್ಲಿ ರಸ್ತೆಯ ಮಣ್ಣಿಗಿಂತ ನಮ್ಮದೇ ಬಟ್ಟೆಯ ನೂಲು, ಚರ್ಮದ ಹೊಟ್ಟು, ಕೂದಲು ಜಾಸ್ತಿ. ಅಂದರೆ ದೂಳನ್ನು ತರುವವರು ನೋಡಲು ಬಂದ ಅಭಿಮಾನಿಗಳೇ. ಜನ ನಡೆಯುವ ದಾರಿಗೆ ಹತ್ತಿರವಿರುವ ಸಾಮಾನಿನ ಮೇಲೆ ಅದು ಹೆಚ್ಚು ಕೂರುತ್ತದೆ, ದೂರ ಹೋದಂತೆ ಕಡಿಮೆಯಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಮನೆಗಳಲ್ಲಿ ಅಳೆದು ನೋಡಿದ್ದಾರೆ. ಹಾಗಾದರೆ ದಿನಾ ಒರೆಸಿಬಿಡಬಹುದಲ್ಲ? ಒರೆಸಿದಷ್ಟೂ ಸವೆತ. ಬಿಟ್ಟುಬಿಡೋಣವೇ? ತೇವಾಂಶ ಜಾಸ್ತಿ ಇರುವ ಮನೆಯಲ್ಲಿ ದೂಳು ಹಾಗೇ ಬಿಟ್ಟರೆ ಅದರೊಳಗಿನ ಕ್ಯಾಲ್ಸಿಯಂ ಕರಗಿ, ಒಣಗಿ, ಗಾರೆಯಂತೆ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಆಮೇಲೆ ಬ್ರಷ್ಷಿಗೆ ಬರುವುದಿಲ್ಲ. ಎರಡರ ನಡುವೆ ದಾರಿ ಹುಡುಕಬೇಕು. ಅದಕ್ಕೇ ಪ್ರತಿ ಕೋಣೆಗೆ, ಪ್ರತಿ ವಸ್ತುವಿಗೆ ಬೇರೆ ಬೇರೆ ವೇಳಾಪಟ್ಟಿ ಇರುತ್ತದೆ. ಹಗ್ಗದ ಪಕ್ಕದ ಮೇಜಿಗೆ ವಾರಕ್ಕೊಮ್ಮೆ, ಮೂಲೆಯ ಬೀರುವಿಗೆ ತಿಂಗಳಿಗೊಮ್ಮೆ, ಚಾವಣಿಯ ಅಂಚಿನ ಕೆತ್ತನೆಗೆ ವರ್ಷಕ್ಕೊಮ್ಮೆ ಅಟ್ಟಣೆ ಕಟ್ಟಿ.

ಬೆಳ್ಳಿಯ ವಿಷಯದಲ್ಲಂತೂ ಕೈ ಕಟ್ಟಿಕೊಂಡು ಕೂರುವುದೇ ಪುಣ್ಯ. ಪಾಲಿಶ್ ಬಟ್ಟೆ ಕಪ್ಪಾಗುತ್ತದಲ್ಲ, ಆ ಕಪ್ಪಿನಲ್ಲಿರುವುದು ಪಾತ್ರೆಯದೇ ಬೆಳ್ಳಿ. ಪ್ರತಿ ಸಲವೂ ಒಂದು ಪದರ ಹೋಗುತ್ತದೆ, ಕೊರೆದ ಹೆಸರು, ಹೂಬಳ್ಳಿ ಮಸುಕಾಗುತ್ತಾ ಬರುತ್ತದೆ.

ದೂಳಿಗಿಂತ ದೊಡ್ಡ ಶತ್ರು ಬೆಳಕು, ಯಾಕೆಂದರೆ ಅದು ಮಾಡಿದ ಹಾನಿ ವಾಪಸು ಬರುವುದಿಲ್ಲ. ಬಟ್ಟೆ, ಜಲವರ್ಣ ಚಿತ್ರ, ಕೈಬರಹಗಳಿಗೆ ಮ್ಯೂಸಿಯಂಗಳು ಇಟ್ಟುಕೊಂಡಿರುವ ಮಿತಿ 50 ಲಕ್ಸ್. ಒಂದು ವರ್ಷಕ್ಕೆ ಸುಮಾರು 1,50,000 ಲಕ್ಸ್-ಗಂಟೆ. ಲಕ್ಸ್ ಎಂದರೆ ಬೆಳಕಿನ ಅಳತೆ. ದಿನಕ್ಕೆ ಎಂಟು ಗಂಟೆಯಂತೆ ವರ್ಷವಿಡೀ 50 ಲಕ್ಸ್ ಬಿದ್ದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ನಮ್ಮ ಬೇಸಿಗೆಯ ಮಟಮಟ ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಲೆಕ್ಕ ಹಾಕಿ: ಒಂದು ಹಳೆಯ ಬಟ್ಟೆ ಇಡೀ ವರ್ಷ ಉಣ್ಣಬೇಕಾದ ಬೆಳಕನ್ನು ಅಂಗಳದ ಬಿಸಿಲಿನಲ್ಲಿ ಒಂದೂವರೆ ಗಂಟೆಯಲ್ಲಿ ಉಂಡು ಮುಗಿಸುತ್ತದೆ. ಸ್ವಯಂಸೇವಕರು ಹೊತ್ತುಹೊತ್ತಿಗೆ ಪರದೆ ಇಳಿಸುತ್ತಾ, ಮೀಟರ್ ಹಿಡಿದು ಅಳೆಯುತ್ತಾ, ಬರೆದಿಡುತ್ತಾ ಇರುವುದು ಈ ಲೆಕ್ಕಕ್ಕೆ. ಮೀಟರಿನ ಜೊತೆಗೆ ನೀಲಿ ಉಣ್ಣೆಯ ಸಣ್ಣ ಪಟ್ಟಿಯನ್ನೂ ಇಟ್ಟಿರುತ್ತಾರೆ. ಎಷ್ಟು ಬೆಳಕಿಗೆ ಎಷ್ಟು ಮಾಸುತ್ತದೆ ಎಂದು ಮೊದಲೇ ಗೊತ್ತಿರುವ ಬಣ್ಣ ಅದು. ವರ್ಷದ ಕೊನೆಗೆ ಅದು ಮಾಸಿದ್ದು ನೋಡಿದರೆ ಪಕ್ಕದ ರತ್ನಗಂಬಳಿಯ ಪಾಡು ತಿಳಿಯುತ್ತದೆ. ಬೆಳಕಿನ ಹಾಗೆಯೇ ಮಡಿಕೆಯೂ ಬಟ್ಟೆಯ ಶತ್ರು. ಇದನ್ನು ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮದುವೆಯ ಜರಿ ಸೀರೆಯನ್ನು ವರ್ಷಕ್ಕೆ ಒಂದೆರಡು ಸಲ ಪೆಟ್ಟಿಗೆಯಿಂದ ತೆಗೆದು, ನೆರಳಲ್ಲಿ ಗಾಳಿಗೆ ಹರವಿ, ಮಡಿಕೆ ಬದಲಿಸಿ ಇಡುತ್ತಿದ್ದರು.

ಹುಳುಗಳ ಕಥೆ ಇನ್ನೊಂದು. ಉಣ್ಣೆ, ರೇಷ್ಮೆ, ಗರಿ, ತುಪ್ಪಳ ತಿನ್ನುವ ನುಸಿ ಬ್ರಿಟನ್ನಿನ ಹಳೆಮನೆಗಳಲ್ಲಿ ಎಷ್ಟು ಹೆಚ್ಚಿತೆಂದರೆ 2017ರಲ್ಲಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಸಾರ್ವಜನಿಕರಿಗೇ ಅಂಟುಬಲೆ ಹಂಚಿ, ನಿಮ್ಮ ಮನೆಯಲ್ಲಿ ಎಷ್ಟು ಬಿದ್ದವು ಹೇಳಿ ಎಂದು ಕೇಳಿತು. ಕೊರೊನಾ ಕಾಲದಲ್ಲಿ ಮನೆಗಳೆಲ್ಲ ಮುಚ್ಚಿ, ಕತ್ತಲೆಯಾಗಿ, ಸದ್ದಿಲ್ಲದೆ ಇದ್ದಾಗ ನುಸಿಗೆ ಸುಗ್ಗಿ. 2021ರಲ್ಲಿ ಬ್ಲಿಕ್ಲಿಂಗ್ ಮನೆಯಲ್ಲಿ ನುಸಿಯ ಮೊಟ್ಟೆಗಳನ್ನು ನಾಶಮಾಡುವ, ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಕಣಜಗಳನ್ನು ಬಿಟ್ಟು ಪ್ರಯೋಗ ಮಾಡಿದರು. ಇಂಥ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಸುದ್ದಿಯಾಗದ ಕೆಲಸ ಯಾವುದೆಂದರೆ ಮೂರು ತಿಂಗಳಿಗೊಮ್ಮೆ ಮನೆಯ ಎಲ್ಲ ಮೂಲೆಗಳಲ್ಲಿ ಮಂಡಿಯೂರಿ, ಅಂಟುಕಾಗದದ ಬಲೆಗಳನ್ನು ತೆಗೆದು, ಭೂತಗನ್ನಡಿಯಲ್ಲಿ ಯಾವ ಹುಳ ಎಷ್ಟು ಎಂದು ಎಣಿಸಿ ಬರೆಯುವುದು. ನಾಲ್ಕು ವರ್ಷದ ಲೆಕ್ಕ ಪಕ್ಕಪಕ್ಕ ಇಟ್ಟರೆ ಯಾವ ಚಿಮಣಿಯಲ್ಲಿ ಹಕ್ಕಿ ಗೂಡು ಕಟ್ಟಿದೆ, ಯಾವ ಗೋಡೆಯಲ್ಲಿ ನೀರು ಒಸರುತ್ತಿದೆ ಎಂಬುದೂ ಗೊತ್ತಾಗುತ್ತದೆ. ಹುಳು ಹಿಡಿದ ಬಟ್ಟೆ, ಪುಸ್ತಕಗಳಿಗೆ ವಿಷ ಹೊಡೆಯುವ ಕಾಲ ಹೋಯಿತು. ಪಾಲಿಥೀನಿನಲ್ಲಿ ಗಾಳಿಯಾಡದಂತೆ ಸುತ್ತಿ, ಮೈನಸ್ 30 ಡಿಗ್ರಿಯ ಫ್ರೀಜರಿನಲ್ಲಿ ಮೂರು ದಿನ ಅಥವಾ ಮೈನಸ್ 18ರಲ್ಲಿ ಎರಡು ವಾರ ಇಡುತ್ತಾರೆ. ಹೊರತೆಗೆದ ಮೇಲೆ ಒಂದು ದಿನವಾದರೂ ಕವರು ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿರುವ ವಸ್ತುವಿನ ಮೇಲೆ ಹನಿ ಕಟ್ಟುತ್ತದೆ, ಹುಳ ಹೋಗಿ ಬೂಷ್ಟು ಬಂದಂತಾಗುತ್ತದೆ. ಬಣ್ಣ ಬಳಿದ ಮರ, ದಂತ, ಗಾಜಿಗೆ ಈ ಚಿಕಿತ್ಸೆ ಆಗದು.

ಬೇಸರದ ಕೆಲಸ ಎನ್ನಿಸಿರಬೇಕು. ಹೌದು, ಬಹುಪಾಲು ಬೇಸರದ್ದೇ. ಚಳಿಗಾಲದಲ್ಲಂತೂ ಆ ಮನೆಗಳು ನಡುಗಿಸುತ್ತವೆ. ಹೀಟರ್ ಹಾಕುವುದು ಜನರ ಮೈ ಬೆಚ್ಚಗಿರಲೆಂದಲ್ಲ, ಕೋಣೆಯ ತೇವಾಂಶ ಹದದಲ್ಲಿರಲೆಂದು, ಹಾಗಾಗಿ ಅದು ಹೊತ್ತಿಕೊಳ್ಳುವುದು ತೇವದ ಅಳತೆ ನೋಡಿ. ಎರಡು ಸ್ವೆಟರ್ ಹಾಕಿಕೊಂಡು ಬ್ರಷ್ ಹಿಡಿಯಬೇಕು. ಆದರೂ ಜನ ಬರುತ್ತಾರೆ, ಯಾಕೆಂದರೆ ಅಪರೂಪಕ್ಕೆ ಒಂದು ದಿನ ಸಿಗುವ ಬಹುಮಾನ ದೊಡ್ಡದು. ಕೆಂಟಿನ ನೋಲ್ ಎಂಬ ಮಹಾಮನೆಯಲ್ಲಿ ದುರಸ್ತಿ ನಡೆಯುತ್ತಿದ್ದಾಗ ನೆಲದ ಹಲಗೆಗಳ ಕೆಳಗಿನ ಕಸ ಜರಡಿ ಹಿಡಿಯುತ್ತಿದ್ದ ಒಬ್ಬ ಸ್ವಯಂಸೇವಕನಿಗೆ ಮಡಿಸಿದ ಕಾಗದವೊಂದು ಸಿಕ್ಕಿತು. 1633ರ ಪತ್ರ. ಅದರಲ್ಲಿ ರಾಜಕಾರಣವಿಲ್ಲ, ಪ್ರೇಮವಿಲ್ಲ. ಇನ್ನೊಂದು ಮನೆಗೆ ಕಳಿಸಬೇಕಾದ ತವರದ ಚಮಚ, ಮಕ್ಕಳ ಕೋಣೆಗೆ ಬೆಂಕಿ ಎತ್ತುವ ಸಲಿಕೆ ಇಂಥ ಸಾಮಾನಿನ ಪಟ್ಟಿ. ಯಾರೂ ಕಾಪಾಡಬೇಕೆಂದು ಕಾಪಾಡದ ಕಾಗದ. ಕಸ ಎಂದು ಬುಟ್ಟಿಗೆ ಹಾಕುವ ಮೊದಲು ಒಮ್ಮೆ ನೋಡುವ ಅಭ್ಯಾಸ ಅವನಿಗಿತ್ತು, ಅಷ್ಟೇ.

ಈ ಶಿಸ್ತಿನ ನಿಜವಾದ ಪರೀಕ್ಷೆ ಬೆಂಕಿ ಬಿದ್ದಾಗ. 1989ರ ಆಗಸ್ಟ್ 30ರಂದು ಸಸೆಕ್ಸ್‌ನ ಅಪ್‌ಪಾರ್ಕ್ ಮನೆಗೆ, ಚಾವಣಿಯ ಸೀಸ ಬೆಸೆಯುತ್ತಿದ್ದವರ ಬ್ಲೋಟಾರ್ಚಿನಿಂದ, ಬೆಂಕಿ ಹತ್ತಿತು. ಮನೆ ಜನರಿಗೆ ತೆರೆದಿದ್ದ ಹೊತ್ತು. ಸಿಬ್ಬಂದಿ, ಸ್ವಯಂಸೇವಕರು, ನೋಡಲು ಬಂದವರು, ಅಗ್ನಿಶಾಮಕದವರು ಸಾಲಾಗಿ ನಿಂತು ಕೈಯಿಂದ ಕೈಗೆ ಸಾಮಾನು ದಾಟಿಸಿದರು. ಮೇಲಿನ ಅಂತಸ್ತು ಉರಿಯುತ್ತಿರುವಾಗಲೇ ಕೆಳಗಿನ ಕೋಣೆಗಳ ಬಹುಪಾಲು ಸಾಮಾನು ಹುಲ್ಲುಹಾಸಿಗೆ ಬಂತು. ಆಮೇಲೆ ಬೂದಿಯನ್ನೂ ಎಸೆಯಲಿಲ್ಲ, ಸಾವಿರಾರು ಡಬ್ಬಿಗಳಲ್ಲಿ ತುಂಬಿ ಜಾಲಿಸಿದರು. 1995ರಲ್ಲಿ ಮನೆ ಮತ್ತೆ ತೆರೆಯಿತು. 2015ರ ಏಪ್ರಿಲ್ 29ರಂದು ಸರ‍್ರೆಯ ಕ್ಲ್ಯಾಂಡನ್ ಪಾರ್ಕ್ ವಿದ್ಯುತ್ ಪೆಟ್ಟಿಗೆಯ ದೋಷದಿಂದ ಹೊತ್ತಿದಾಗ ಅದೃಷ್ಟ ಅಷ್ಟಿರಲಿಲ್ಲ, ಮನೆ ಚಿಪ್ಪಿನಂತೆ ಉಳಿಯಿತು. ಮೊದಲು ಯಾವುದನ್ನು ಹೊರತರಬೇಕು, ಅದು ಯಾವ ಕೋಣೆಯ ಯಾವ ಗೋಡೆಯಲ್ಲಿದೆ, ಬಿಚ್ಚಲು ಯಾವ ಸ್ಪ್ಯಾನರ್ ಬೇಕು ಎಂಬ ಚಿತ್ರಸಮೇತ ಹಾಳೆಗಳನ್ನು ಅಗ್ನಿಶಾಮಕದವರ ಕೈಗೆ ಕೊಡಲು ಇಂಥ ಮನೆಗಳು ಸಿದ್ಧವಾಗಿಟ್ಟುಕೊಳ್ಳುತ್ತವೆ. ಆ ಪಟ್ಟಿ ಸರಿಯಿರಬೇಕಾದರೆ ಯಾರೋ ಕೂತು ವಸ್ತುಗಳನ್ನು ಒಂದೊಂದಾಗಿ ನೋಡಿ ಬರೆದಿರಬೇಕು.

ಹಾಗಂತ ಅಲ್ಲಿ ಎಲ್ಲ ಸರಿಯಿದೆ ಎಂದು ನಾನು ಹೇಳಲಾರೆ. 2020ರಲ್ಲಿ ಕೊರೊನಾ ನಷ್ಟದ ಕಾರಣ ಕೊಟ್ಟು ನ್ಯಾಷನಲ್ ಟ್ರಸ್ಟ್ ಸಾವಿರಕ್ಕೂ ಹೆಚ್ಚು ಹುದ್ದೆಗಳನ್ನು ಕಡಿತ ಮಾಡಿತು. ಸಂಬಳದವರು ಹೋದ ಜಾಗಕ್ಕೆ ಸಂಬಳವಿಲ್ಲದವರು ಬಂದರೆ ಅದನ್ನು ಸೇವೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಪುಕ್ಕಟೆ ದುಡಿಯಲು ಆಗುವುದು ಪಿಂಚಣಿ ಬರುವವರಿಗೆ. ಮನೆ ಬಾಡಿಗೆ ಕಟ್ಟಬೇಕಾದ ಹುಡುಗಿ ಈ ವಿದ್ಯೆ ಕಲಿಯಬೇಕೆಂದರೂ ಬಾಗಿಲಾಚೆ ಉಳಿಯುತ್ತಾಳೆ. ಸ್ವಯಂಸೇವಕರ ಮೇಲೆ ಒಬ್ಬ ತರಬೇತಾದ, ಸಂಬಳ ಪಡೆಯುವ ಮನುಷ್ಯ ಇರಲೇಬೇಕು. ಅವನಿಲ್ಲದ ಕಡೆ ಈ ಪದ್ಧತಿ ನಡೆಯಬಾರದು.

ನಮ್ಮಲ್ಲಿ ಇಂಥ ಮನೆಗಳು ಕಡಿಮೆಯೇನಿಲ್ಲ, ಹೆಚ್ಚುತ್ತಲೂ ಇವೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆ ಎಲ್ಲರಿಗೂ ಗೊತ್ತು. ಕುವೆಂಪು ಅವರ ಮದುವೆಯ ಮಂಟಪದಿಂದ ಹಿಡಿದು ಮಲೆನಾಡಿನ ಅಡುಗೆಮನೆಯ ಪಾತ್ರೆಪಗಡಗಳವರೆಗೆ ಅಲ್ಲಿವೆ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಕೆಡವುವವರ ಕೈಯಿಂದ ತಪ್ಪಿಸಿಕೊಂಡು 2016ರಲ್ಲಿ ಮ್ಯೂಸಿಯಂ ಆಯಿತು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ‘ಸನ್ನಿ ಸೈಡ್’ ಮನೆ 2021ರಲ್ಲಿ ತೆರೆಯಿತು. ಪುತ್ತೂರಿನಲ್ಲಿ ಕಾರಂತರ ಬಾಲವನ, ಧಾರವಾಡದ ಸಾಧನಕೇರಿಯಲ್ಲಿ ಬೇಂದ್ರೆ, ಗಡಿಯಾಚೆ ಮಂಜೇಶ್ವರದಲ್ಲಿ ಗೋವಿಂದ ಪೈ. ಇವುಗಳಲ್ಲಿ ಅರ್ಧಕ್ಕರ್ಧ ಇರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ ಸೀಮೆಯಲ್ಲಿ. ಗಾಳಿಯ ತೇವಾಂಶ ಶೇ 65-70 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಏಳುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಶೇ 65 ಎಂಬುದು ಕನಸು. ಬ್ರಿಟನ್ನಿನ ಕೈಪಿಡಿಯನ್ನು ಇಲ್ಲಿಗೆ ಹಾಗೇ ತಂದರೆ ಉಪಯೋಗವಿಲ್ಲ. ಗೆದ್ದಲಿಗೆ ಅಲ್ಲಿ ಅಧ್ಯಾಯವೇ ಬೇಕಾಗಿಲ್ಲ, ಇಲ್ಲಿ ಮೊದಲ ಅಧ್ಯಾಯವೇ ಅದು. ಕುಟ್ಟೆ ಹುಳ, ಜಿರಲೆ, ಬಾವಲಿ, ಹಂಚು ಸರಿಸುವ ಕೋತಿ ಆಮೇಲೆ. ಓಲೆಗರಿ ಕಟ್ಟುಗಳ ಜೊತೆ ಬಜೆಬೇರು ಇಡುತ್ತಿದ್ದ, ಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರುತ್ತಿದ್ದ ಪದ್ಧತಿ ನಮ್ಮಲ್ಲೇ ಇತ್ತು. ಅದನ್ನೂ ಅಳೆದು ನೋಡಿ ಸೇರಿಸಿಕೊಂಡ ಕನ್ನಡದ ಕೈಪಿಡಿಯೊಂದು ಬೇಕು. ಕೇಳಲು ತಜ್ಞರಿಲ್ಲ ಎನ್ನುವಂತಿಲ್ಲ. ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ, ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲಿದೆ.

ನಮ್ಮ ಕಷ್ಟ ಬೇರೆ ಕಡೆ ಇದೆ. ನಮಗೆ ಹಿರಿಯರ ಮನೆ ಎಂದರೆ ಗುಡಿ. ಜಯಂತಿಯ ದಿನ ಹಳೆಯ ಭಾವಚಿತ್ರಕ್ಕೆ ಹಸಿ ಹೂವಿನ ಹಾರ, ಎದುರಿಗೆ ಎಣ್ಣೆ ದೀಪ, ಅಕ್ಕಪಕ್ಕ ಊದುಬತ್ತಿ. ಹೂವಿನ ಜೊತೆ ತೇವ ಬರುತ್ತದೆ, ಜೀರುಂಡೆ ಬರುತ್ತದೆ. ಜೀರುಂಡೆಯ ಮರಿ ಉಣ್ಣೆ ಶಾಲನ್ನು ತಿನ್ನುತ್ತದೆ. ದೀಪದ ಮಸಿ ಚಿತ್ರದ ಮೇಲೆ ಕೂರುತ್ತದೆ. ಪೂಜೆ ಬೇಡ ಎನ್ನುತ್ತಿಲ್ಲ. ಅಂಗಳದಲ್ಲಿ ಹೊಸದಾಗಿ ಪ್ರಿಂಟ್ ಹಾಕಿಸಿದ ದೊಡ್ಡ ಫೋಟೊ ಇಟ್ಟು ಹಾರ ಹಾಕಿ, ಭಾಷಣ ಮಾಡಿ. ಒಳಗಿನ ಮೂಲ ಚಿತ್ರ ಕತ್ತಲಲ್ಲಿ ತಣ್ಣಗಿರಲಿ. ನಾನು ನೋಡಿದ ಒಂದೆರಡು ಮನೆಗಳಲ್ಲಿ ಕೈಬರಹದ ಹಾಳೆಗಳನ್ನು ಪ್ರೀತಿಯಿಂದಲೇ ಲ್ಯಾಮಿನೇಟ್ ಮಾಡಿಸಿ, ಟ್ಯೂಬ್‌ಲೈಟಿನ ಕೆಳಗೆ ತೂಗುಹಾಕಿದ್ದರು. ಲ್ಯಾಮಿನೇಷನ್ನಿನ ಬಿಸಿಗೂ ಅಂಟಿಗೂ ಸಿಕ್ಕ ಹಾಳೆಯನ್ನು ಬಿಡಿಸಿ ತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ.

ಶುರುಮಾಡಲು ಕೋಟಿಯ ಅನುದಾನ ಬೇಡ. ಕೆಲವು ನೂರು ರೂಪಾಯಿಗೆ ತೇವಾಂಶ ತೋರಿಸುವ ಡಿಜಿಟಲ್ ಮೀಟರ್ ಸಿಗುತ್ತದೆ. ದಿನಕ್ಕೆರಡು ಸಲ ಅದನ್ನು ನೋಡಿ ಪುಸ್ತಕದಲ್ಲಿ ಬರೆಯಲು ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರ್ ಸಾಕು. ಕಿಟಕಿಗೆ ದಪ್ಪ ಖಾದಿಯ ಪರದೆ. ಬಾಗಿಲ ಬಳಿ ಉದ್ದನೆಯ ಕಾಲೊರಸು, ಅದು ಕಾಲಿನ ದೂಳನ್ನು ಹೊರಗೇ ಹಿಡಿಯುತ್ತದೆ. ಎನ್‌ಎಸ್‌ಎಸ್ ಹುಡುಗ ಹುಡುಗಿಯರಿಗೆ ಪೊರಕೆ ಕೊಡುವ ಬದಲು ಮೊಬೈಲು ಹಿಡಿಸಿ, ಪ್ರತಿ ವಸ್ತುವಿನ ಆರು ಬದಿಯ ಫೋಟೊ, ಅಳತೆ, ಇರುವ ಬಿರುಕು, ಕಲೆ ಎಲ್ಲ ದಾಖಲಿಸಲು ಹಚ್ಚಬಹುದು. 2015ರ ನವೆಂಬರಿನಲ್ಲಿ ಕವಿಮನೆಗೆ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಒಯ್ದದ್ದು ನೆನಪಿರಬಹುದು. ಕಳುವಾದ ವಸ್ತುವನ್ನು ಹುಡುಕಲು ಪೊಲೀಸರು ಮೊದಲು ಕೇಳುವುದು ಅದರ ಸ್ಪಷ್ಟ ಫೋಟೊವನ್ನು. ದಾಖಲೆ ಮಾಡುವುದೂ ಆರೈಕೆಯೇ, ಅದಕ್ಕೆ ವಸ್ತುವನ್ನು ಮುಟ್ಟುವ ಅಗತ್ಯವೂ ಕಡಿಮೆ.

ಇನ್ನೊಂದು ಮಾತು. ನಮ್ಮ ಬಹುತೇಕ ಸಣ್ಣ ಮನೆ-ಮ್ಯೂಸಿಯಂಗಳಲ್ಲಿ ಬೀಗದ ಕೈ ಇರುವುದು ಒಬ್ಬ ಕಾವಲುಗಾರನ ಹತ್ತಿರ, ಅಥವಾ ದಿನಗೂಲಿಯಲ್ಲಿ ಕಸ ಗುಡಿಸುವ ಒಬ್ಬ ಹೆಂಗಸಿನ ಹತ್ತಿರ. ಯಾವ ಹಂಚು ಸೋರುತ್ತದೆ, ಮಧ್ಯಾಹ್ನದ ಬಿಸಿಲು ಯಾವ ಬೀರುವಿಗೆ ಹೊಡೆಯುತ್ತದೆ, ಗೆದ್ದಲು ಕಳೆದ ವರ್ಷ ಯಾವ ಮೂಲೆಯಿಂದ ಹತ್ತಿತು ಎಂಬುದು ಗೊತ್ತಿರುವುದು ಅವರಿಗೆ ಮಾತ್ರ. ಸ್ವಯಂಸೇವಕರಿಗೆ ತರಬೇತಿ ಇಟ್ಟುಕೊಂಡ ದಿನ ಅವರನ್ನು ಟೀ ತರಲು ಓಡಿಸುವುದು ಬಿಟ್ಟು ಮುಂದಿನ ಸಾಲಿನಲ್ಲಿ ಕೂರಿಸಬೇಕು, ಆ ದಿನದ ಕೂಲಿಯನ್ನೂ ಕೊಡಬೇಕು.